ಚಂಡಮಾರುತದ ಕಣ್ಣಲ್ಲೊಂದು ಪೈಜಾಮ

ಬೆಳಗಿನಿಂದ ಬಾಗಿಲು ಗುದ್ದುತ್ತಿದ್ದ ಗಾಳಿ, ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತುಹೋಯಿತು. ಕಿಟಕಿಗೆ ಹೊಡೆದ ಹಲಗೆಯ ಸಂದಿನಿಂದ ಬಿಸಿಲು ಬಂದು ನೆಲದ ಮೇಲೆ ಬಿತ್ತು. ಸೋಫಾದ ಹಿಂದೆ ಹೆಂಡತಿಯ ಜೊತೆ ಮುದುಡಿ ಕೂತಿದ್ದ ಚಂಡಮಾರುತದ ವಿಜ್ಞಾನಿ ಮೆಲ್ಲಗೆ ಎದ್ದು ಚಪ್ಪಲಿ ಹುಡುಕತೊಡಗಿದ.

"ಎಲ್ಲಿಗೆ?" ಎಂದಳು ಹೆಂಡತಿ.

"ಒಂದೇ ನಿಮಿಷ ಕಣೇ. ನೋಡ್ಕೊಂಡು ಬಂದ್ಬಿಡ್ತೀನಿ."

"ನಿನ್ನೆ ಟೀವೀಲಿ ಬಾಯಿ ಬಡ್ಕೊಂಡಿದ್ದು ಯಾರು ಹಾಗಾದ್ರೆ? ಗಾಳಿ ನಿಂತ್ರೆ ಹೊರಗೆ ಬರಬೇಡಿ, ಅದು ಬರೀ ಕಣ್ಣು, ಇನ್ನರ್ಧ ಹಿಂದೆ ಬರ್ತಿದೆ ಅಂತ?"

"ಅದು ಜನಕ್ಕೆ ಹೇಳಿದ್ದು."

ಪಾಪ, ಅವನ ಸಂಕಟ ಅವನಿಗೆ. ಇಡೀ ನೌಕರಿಯನ್ನು ಚಂಡಮಾರುತದ ಹೊಟ್ಟೆಯೊಳಗೆ, ವಿಮಾನದಲ್ಲಿ, ಒಂದು ಕೈಯಲ್ಲಿ ಉಪಕರಣ ಇನ್ನೊಂದರಲ್ಲಿ ವಾಂತಿಯ ಚೀಲ ಹಿಡಿದು ಕಳೆದವನು. ಪುಟ್ಟ ಪ್ಯಾರಾಚೂಟ್ ಕಟ್ಟಿದ ಉಪಕರಣಗಳನ್ನು ಆ ಕಣ್ಣಿನೊಳಗೆ ಬೀಳಿಸುವುದು, ಅವು ಕೆಳಗೆ ಏನೇನು ಕಂಡವು ಎಂದು ಕಂಪ್ಯೂಟರಿನಲ್ಲಿ ಓದುವುದು, ಇಷ್ಟೇ ಕೆಲಸ. ತಾನು ಮಾತ್ರ ಒಂದು ಸಲವೂ ಕೆಳಗೆ ನಿಂತು ತಲೆ ಎತ್ತಿ ನೋಡಿದವನಲ್ಲ. ಹೋದ ವರ್ಷ ಡಾಕ್ಟರು ಬಿ.ಪಿ. ನೋಡಿ ವಿಮಾನ ಬಿಡಿಸಿದರು. ಆಫೀಸಿನವರು ಕುತ್ತಿಗೆಗೆ ಟೈ ಕಟ್ಟಿ ಟೀವಿ ಮುಂದೆ ಕೂರಿಸಿದರು. ಈಗ ಚಂಡಮಾರುತವೇ ವಿಳಾಸ ಹುಡುಕಿಕೊಂಡು ಮನೆ ಮೇಲೆ ಬಂದು ನಿಂತಿರುವಾಗ ಇವನು ಸೋಫಾ ಹಿಂದೆ ಕೂರುವುದೆಂದರೇನು? ಹೆಂಡತಿ ಅಡ್ಡ ಬರುವಷ್ಟರಲ್ಲಿ ಅಗಳಿ ತೆಗೆದು, ಬನಿಯನ್ ಪೈಜಾಮದಲ್ಲೇ ಬೀದಿಗಿಳಿದ.

ಮನೆಗಳ ಮೇಲೆ ಆಕಾಶ ತೆರೆದುಕೊಳ್ಳುವುದು ಬೀದಿಯ ತುದಿಯಲ್ಲಿ. ಅಲ್ಲಿವರೆಗೂ ನಡೆದು ತಲೆ ಎತ್ತಿದ. ಸುತ್ತಲೂ ಬಿಳಿ ಮೋಡದ ಗೋಡೆ, ಬಾವಿಯ ತಳದಿಂದ ನೋಡಿದ ಹಾಗೆ. ಮೇಲೆ ದುಂಡಗೆ ಕತ್ತರಿಸಿಟ್ಟಂಥ ನೀಲಿ. ಸಮುದ್ರದಿಂದ ಚಂಡಮಾರುತದ ಜೊತೆಯೇ ಸಿಕ್ಕಿಕೊಂಡು ಬಂದ ಹಕ್ಕಿಗಳು ಸುಸ್ತಾಗಿ ಯಾರದೋ ಸ್ಕೂಟರಿನ ಮೇಲೆ ಕೂತಿದ್ದವು. ವಿಜ್ಞಾನಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಅಲ್ಲೇ ಎದುರು ಮನೆಯ ಟೈಲರ್ ಕಿಟಕಿಯಿಂದ ಇಣುಕಿದ. ಮುಗೀತಾ ಸಾರ್ ಎಂದು ಕೇಳಿದ. ವಿಜ್ಞಾನಿ ಆಕಾಶ ನೋಡುತ್ತಲೇ "ಅದ್ಭುತ" ಅಂದ. ಅಷ್ಟು ಸಾಕಾಯಿತು. ಟೀವಿಯವರೇ ಹೊರಗೆ ಬಂದಿದ್ದಾರೆ, ಎಲ್ಲಾ ಮುಗೀತಂತೆ ಎಂದು ಟೈಲರ್ ಬೀದಿಗೆಲ್ಲ ಕೂಗಿ ಹೇಳಿದ. ಒಂದೊಂದೇ ಬಾಗಿಲು ತೆರೆಯಿತು. ಒಬ್ಬ ಕಾರಿನ ಮೇಲೆ ಬಿದ್ದ ತಗಡು ಎಳೆಯಲು ಹೋದ. ಒಂದು ಅಜ್ಜಿ ಒದ್ದೆ ಹಾಸಿಗೆ ತಂದು ಕಾಂಪೌಂಡಿನ ಮೇಲೆ ಒಣಹಾಕಿತು. ಮಕ್ಕಳು ಹಕ್ಕಿಗಳ ಸುತ್ತ ಮುತ್ತಿಕೊಂಡವು.

ಕತ್ತು ನೋವಾಗಿ ವಿಜ್ಞಾನಿ ತಲೆ ಇಳಿಸಿದರೆ ಇಡೀ ಬೀದಿ ಬೀದಿಯಲ್ಲಿದೆ. ನೀರಿನ ಟ್ಯಾಂಕಿನ ಹಿಂದೆ ಆಗ ದೂರವಿದ್ದ ಬಿಳಿ ಗೋಡೆ ಈಗ ಬೂದು ಬಣ್ಣಕ್ಕೆ ತಿರುಗಿ ಹತ್ತಿರ ಬಂದಿದೆ. ಎಲ್ಲರೂ ಒಳಗೆ ನಡೀರಿ, ಗಾಳಿ ಈಗ ಆ ಕಡೆಯಿಂದ ವಾಪಸ್ ಬರುತ್ತೆ, ಒಂದು ಮಗುವೂ ಉಳಿಯಲ್ಲ ಎಂದು ಗಂಟಲು ಹರಿದುಕೊಂಡ.

"ಅಷ್ಟು ಅಪಾಯ ಇದ್ರೆ ನೀವ್ಯಾಕೆ ಸಾರ್ ಹೊರಗಿದ್ದೀರ?" ಎಂದ ಟೈಲರ್.

"ನಾನು ವಿಜ್ಞಾನಿ ಕಣ್ರೀ."

"ನಾನು ಟೈಲರ್. ಗಾಳಿಗೇನು ಅದು ಗೊತ್ತಾಗತ್ತಾ?"

ಒಂದಿಬ್ಬರು ನಕ್ಕರು. ವಿಜ್ಞಾನಿ ಅಭ್ಯಾಸಬಲದಿಂದ ವಾಯುಭಾರ, ಶೇಕಡಾ ಇಷ್ಟು ಸಂಭವ ಎಂದು ಶುರು ಮಾಡಿದ. ಟೀವಿಯಲ್ಲಿ ನೋಡಿದ್ದನ್ನೇ ಮತ್ತೆ ನೋಡುವುದೇನೆಂದು ಜನ ತಗಡು ಎಳೆಯಲು ತಿರುಗಿಕೊಂಡರು. ಆಗ ಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕೂಗಿದಳು: "ರೀ, ಭಾಷಣ ಸಾಕು. ಓಡ್ರೀ."

"ಇವರನ್ನೆಲ್ಲ ಬಿಟ್ಟು ಹೇಗೇ ಓಡ್ಲಿ?"

"ನೀವು ಬಂದಿದ್ದು ನೋಡಿ ತಾನೆ ಅವರು ಬಂದಿದ್ದು? ಓಡೋದನ್ನೂ ನೋಡ್ಲಿ."

ವಿಜ್ಞಾನಿ ಒಂದು ಕ್ಷಣ ನಿಂತ. ಬಸ್ಸು ತಪ್ಪಿದರೂ ಹೆಜ್ಜೆ ಜೋರು ಮಾಡದ ಮನುಷ್ಯ. ಆಮೇಲೆ ಅಯ್ಯಯ್ಯೋ ಎಂದು ಕಿರುಚಿ ಓಟ ಕಿತ್ತ ನೋಡಿ, ಬೀದಿಯ ಉದ್ದಕ್ಕೂ, ಚಪ್ಪಲಿ ಒಂದು ಕಡೆ, ಕನ್ನಡಕ ಒಂದು ಕಡೆ. ಟೈಲರ್ ಮನೆ ಮುಂದೆ ಪೈಜಾಮದ ಲಾಡಿ ಕಳಚಿತು. ಹಿಡಿದುಕೊಂಡರೆ ನಿಧಾನವಾಗುತ್ತದೆಂದು ಅವನು ಹಿಡಿದುಕೊಳ್ಳಲೂ ಇಲ್ಲ. ಬಿದ್ದರೆ ಬೀಳಲಿ ಎಂದು ಅದನ್ನು ಒದ್ದು ಓಡಿದ. ಆ ಬೆತ್ತಲೆ ಹಿಂಭಾಗ ನೋಡಿ ಒಬ್ಬರೂ ನಗಲಿಲ್ಲ. ಮೊದಲು ಅಜ್ಜಿ ಹಾಸಿಗೆ ಬಿಟ್ಟು ಓಡಿತು. ಅದರ ಹಿಂದೆ ಬೀದಿಗೆ ಬೀದಿಯೇ ಓಡಿತು. ಟೈಲರ್ ಯಾರದೋ ಮಗುವನ್ನು ಕಂಕುಳಲ್ಲಿ ಹಾಕಿಕೊಂಡು ತನ್ನ ಮನೆಗೆ ನುಗ್ಗಿದ. ಕೊನೆಯ ಅಗಳಿ ಬಿತ್ತೋ ಇಲ್ಲವೋ, ಆ ಸ್ಕೂಟರ್ ಖಾಲಿ ಡಬ್ಬದ ಹಾಗೆ ಉರುಳಿಕೊಂಡು ಹೋಯಿತು.

ಬೀದಿಯಲ್ಲಿ ತಗಡು ಉಳಿಯಲಿಲ್ಲ, ಹೆಂಚು ಉಳಿಯಲಿಲ್ಲ. ಜನ ಮಾತ್ರ ಎಲ್ಲರೂ ಉಳಿದರು. ಎಲಾಸ್ಟಿಕ್ ಹಾಕ್ತೀನಿ ಅಂದೆ, ಸಾರ್ ಲಾಡಿನೇ ಬೇಕು ಅಂದ್ರು ಎಂದು ಟೈಲರ್ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಕರೆಂಟು ಬಂದ ದಿನ ಆಫೀಸಿನಿಂದ ಫೋನು. ಸಮುದ್ರದಲ್ಲಿ ಇನ್ನೊಂದು ಹುಟ್ಟಿಕೊಂಡಿದೆ, ಜನಕ್ಕೆ ಹೊಸ ಎಚ್ಚರಿಕೆ ರೆಕಾರ್ಡ್ ಮಾಡಬೇಕು, ತಕ್ಷಣ ಬನ್ನಿ. ವಿಜ್ಞಾನಿ ಬೀರು ತಡಕುತ್ತಾ ನನ್ನ ಟೈ ಎಲ್ಲೇ ಎಂದು ಕೇಳಿದ.

ಹೆಂಡತಿ ಪಾತ್ರೆ ಒರೆಸುತ್ತಾ ಅಂದಳು: "ಟೈ ಯಾತಕ್ಕೆ? ಈ ಸಲ ಹಿಂದಿನಿಂದ ತೆಗೀರಿ ಅಂತ ಹೇಳಿ."