ಇಪ್ಪತ್ತೊಂದನೇ ಹೆಜ್ಜೆ

"ಏನೋ ಬೊಮ್ಮಾ, ದಿನಾ ಬೆಳಿಗ್ಗೆ ನನ್ನೆದುರು ಸಿಲ್ವರ್ ಓಕ್ ಮರದ ಹಾಗೆ ನೆಟ್ಟಗೆ ನಿಲ್ಲೋನು, ಇಲ್ಲಿ ಬಂದ ಕೂಡ್ಲೆ ಕುಂಟನಾಗಿಬಿಟ್ಯಾ? ಸರ್ಕಾರ ಪಿಂಚಣಿ ಕೊಡ್ತದೆ ಅಂದ್ರೆ ಸಾಕು, ಇವರ ಕಾಲು ತಾನಾಗೇ ಸೊಟ್ಟಗಾಗ್ತದೆ ನೋಡಿ!"

ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಪದ್ಮಯ್ಯ ಹೀಗಂದದ್ದು ಅಂಗವಿಕಲರ ಮರುತಪಾಸಣೆ ಶಿಬಿರದಲ್ಲಿ, ಬೆಂಚು ತುಂಬ ಕೂತಿದ್ದ ಜನರೆದುರು. ಕಿವಿ ಕೇಳದ ತನ್ನ ತಾಯಿಯನ್ನು ಕರಕೊಂಡು ಬಂದಿದ್ದ. ಬೆಂಚಿನವರು ನಕ್ಕರು. ಊರುಗೋಲು ಹಿಡಿದವರೂ ನಕ್ಕರು. ಏನೂ ಕೇಳಿಸದ ಆ ತಾಯಿ, ಎಲ್ಲರೂ ನಗ್ತಿದ್ದಾರಲ್ಲ ಅಂತ ತಾನೂ ನಕ್ಕಳು.

ಮೇಜಿನ ಹಿಂದಿದ್ದ ಡಾಕ್ಟರ್ ಪವಿತ್ರಾ ನಗಲಿಲ್ಲ. ಹಳೇ ಕಾಗದ ತಿರುವಿ ನೋಡಿದರು. ಹೋದ ವರ್ಷ ಬೇರೆ ಡಾಕ್ಟರು ಬರೆದಿದ್ದರು: ಬಲಗಾಲು, ನೂರಕ್ಕೆ ಮೂವತ್ತು ಊನ. ನಲವತ್ತಾಗದೆ ಪಿಂಚಣಿ ಇಲ್ಲ. ಮೂವತ್ತು ಹೋಗಿದ್ದರೆ ಉಳಿದ ಎಪ್ಪತ್ತು ಕಾಲಿನ ಯಾವ ಮೂಲೆಯಲ್ಲಿದೆ ಅಂತ ಬೊಮ್ಮ ಎಸ್ಟೇಟು ಕೊಟ್ಟ ಲೈನ್ ಮನೆ ಬಾಗಿಲಲ್ಲಿ ಕೂತು ಎಷ್ಟೋ ಸಲ ಹುಡುಕಿದ್ದ. ಒತ್ತಿ ನೋಡಿದ್ದ, ಚಿವುಟಿ ನೋಡಿದ್ದ. ಸಿಕ್ಕಿರಲಿಲ್ಲ. ಅದಕ್ಕೇ ಯಾರದೋ ಕೈಕಾಲು ಹಿಡಿದು ಮೇಲರ್ಜಿ ಬರೆಸಿ ಹಾಕಿದ್ದ.

"ಇವರು ಯಾರು ನಿಮಗೆ?" ಡಾಕ್ಟರು ಪದ್ಮಯ್ಯನ ಕಡೆ ಕೈ ತೋರಿಸಿದರು.

"ನಮ್ಮ ರೈಟ್ರು."

"ಅವರು ಹೇಳೋದು ಹೌದಾ? ಎಸ್ಟೇಟಲ್ಲಿ ಸರಿಯಾಗಿ ನಡೀತೀರಾ?"

ಬೊಮ್ಮ ನೆಲ ನೋಡಿದ. ಹೌದು ಅಂದರೆ ಪಿಂಚಣಿ ಹೋಯಿತು. ಅಲ್ಲ ಅಂದರೆ ಕೆಲಸ ಹೋಯಿತು, ಕೆಲಸದ ಹಿಂದೆಯೇ ಲೈನ್ ಮನೆಯೂ ಹೋಯಿತು.

"ಹೋಗ್ಲಿ, ಬಾಗಿಲ ತನಕ ಒಂದ್ಸಲ ನಡೆದು ತೋರಿಸಿ."

ಎದ್ದು ನಿಲ್ಲುವಾಗ ಬೊಮ್ಮನ ಕಣ್ಣು ಪದ್ಮಯ್ಯನ ಕೈಯ ಪೆನ್ನಿನ ಮೇಲೆ ಬಿತ್ತು. ತಾಯಿಯ ಫಾರಂ ತುಂಬಿಸಲು ಹಿಡಿದದ್ದು. ಆದರೆ ಪೆನ್ನು ಹಿಡಿದವರ ಎದುರು ನಡೆಯುವುದು ಅಂದರೆ ಬೊಮ್ಮನಿಗೆ ಒಂದೇ ಥರ. ಬೆನ್ನು ನೆಟ್ಟಗಾಯಿತು, ಎದೆ ಮುಂದೆ ಬಂತು. ಅಷ್ಟು ಹೊತ್ತು ಎಳೆಯುತ್ತಿದ್ದ ಬಲಗಾಲು ಎಡಗಾಲಿನ ಹಾಗೇ ಎದ್ದು ಎದ್ದು ಇಳಿಯಿತು. ಹೋದ ವರ್ಷವೂ ಹೀಗೇ ಆಗಿತ್ತು.

"ನೋಡಿದ್ರಾ ಮೇಡಂ! ನಾನೇನು ಸುಳ್ಳು ಹೇಳಿದ್ನಾ?" ಅಂದ ಪದ್ಮಯ್ಯ.

ಡಾಕ್ಟರು ಬರೆಯಲು ಬಗ್ಗಿದರು. ಆಗ ಗೋಡೆ ಬದಿಯಿಂದ ಸಣ್ಣಗೆ ಒಂದು ದನಿ ಕೇಳಿತು. "ಆರು... ಏಳು... ಎಂಟು..." ಬೊಮ್ಮನ ಹೆಂಡತಿ ಮುತ್ತಿ. ತಾನು ಬಾಯಿ ಬಿಟ್ಟು ಎಣಿಸುತ್ತಿದ್ದೇನೆ ಅನ್ನುವುದು ಅವಳಿಗೇ ಗೊತ್ತಿದ್ದಂತಿರಲಿಲ್ಲ.

"ಏನಮ್ಮಾ ಅದು, ಏನು ಎಣಿಸ್ತಿದ್ದೀರಿ?"

ಮುತ್ತಿ ಬೆಚ್ಚಿದಳು. "ಹೆಜ್ಜೆ ಮೇಡಂ. ಇಪ್ಪತ್ತಾಗ್ತದೆ. ಅದರ ಮೇಲೆ ಆಗೋದಿಲ್ಲ."

"ಯಾಕೆ ಇಪ್ಪತ್ತು?"

"ಶ್ರೀಮಂಗಲದ ಕಡೆ ಮೆಣಸು ಕುಯ್ಯುವಾಗ ಏಣಿ ಜಾರಿ ಬಿದ್ರಲ್ಲ, ಆಮೇಲೆ ಎಲ್ಲೂ ಕೆಲಸ ಕೊಡ್ಲಿಲ್ಲ. ಕುಂಟ್ತಾ ಹೋದ್ರೆ ಯಾವ ರೈಟ್ರು ಹೆಸರು ಬರೀತಾರೆ? ಅದಕ್ಕೆ ನನ್ನ ಅಣ್ಣನ ಮನೆ ಹಿಂದೆ ಮೂರು ತಿಂಗಳು ಕಲ್ತದ್ದು. ನಾನು ಎಣಿಸೋದು, ಇವರು ಉಸಿರು ಕಟ್ಟಿ ನಡೆಯೋದು. ಹಲ್ಲು ಕಚ್ಚಿ ಇಪ್ಪತ್ತು. ಲೈನಿಂದ ರೈಟ್ರ ಮೇಜಿಗೆ ಅಷ್ಟು ಸಾಕು. ಗಿಡದ ಸಾಲಿಗೆ ಇಳಿದ ಮೇಲೆ ಯಾರು ನೋಡ್ತಾರೆ? ಇವರ ಸಾಲೂ ಅರ್ಧ ನಾನೇ ಕುಯ್ಯೋದು."

ಅಂದವಳೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರೈಟರು ಅಲ್ಲೇ ಇದ್ದ. ಬೆಂಚಿನ ಮೇಲೆ ನಗು ನಿಂತಿತ್ತು. ಪದ್ಮಯ್ಯನ ತಾಯಿ ಒಬ್ಬಳೇ ಇನ್ನೂ ನಗುತ್ತಿದ್ದಳು.

ಬೊಮ್ಮ ಬಾಗಿಲು ಮುಟ್ಟಿ ನಿಂತಿದ್ದ. ಹದಿನಾಲ್ಕು. ಹೋದ ವರ್ಷವೂ ಬಾಗಿಲು ಹದಿನಾಲ್ಕಕ್ಕೇ ಸಿಕ್ಕಿತ್ತು. ಸಾಕು ಬನ್ನಿ, ಅಂದಿದ್ದರು ಆ ಡಾಕ್ಟರು.

ಪವಿತ್ರಾ ಕುರ್ಚಿ ಬಿಟ್ಟು ಎದ್ದು ಬಂದರು. "ನಿಲ್ಬೇಡಿ. ಹಾಗೇ ಮುಂದೆ ಹೋಗಿ, ನೋಡೋಣ."

ಹೊರಗೆ ಉದ್ದದ ವರಾಂಡ. ಯಾರೋ ಆಗ ತಾನೇ ಒರೆಸಿ ಬಕೆಟ್ ಮೂಲೆಗಿಟ್ಟಿದ್ದರು. ಬೊಮ್ಮ ಮುತ್ತಿಯನ್ನು ನೋಡಿದ, ಪದ್ಮಯ್ಯನನ್ನು ನೋಡಿದ. ಇಲ್ಲಿಂದಲೇ ತಿರುಗಿ ಬಂದುಬಿಟ್ಟರೆ ನಾಳೆ ಬೆಳಿಗ್ಗೆ ಕೆಲಸವಾದರೂ ಇರುತ್ತಿತ್ತು. ಅವನು ಹೊಸಿಲು ದಾಟಿದ. ಮುತ್ತಿ ಸೆರಗಿನೊಳಗೇ ಎಣಿಸಿದಳು, ಹದಿನೈದು. ಹದಿನಾರು. ಕತ್ತಿನ ನರ ಉಬ್ಬಿತು, ಅಂಗಿಯ ಬೆನ್ನು ಒದ್ದೆಯಾಯಿತು. ಇಪ್ಪತ್ತಕ್ಕೆ ಒಂದು ಗಳಿಗೆ ನಿಂತ.

"ಬೊಮ್ಮಾ!" ಪದ್ಮಯ್ಯ ಬಾಗಿಲ ತನಕ ಬಂದಿದ್ದ. ಈಗ ದನಿಯಲ್ಲಿ ತಮಾಷೆ ಇರಲಿಲ್ಲ. "ನಾಳೆ ನಿನ್ನ ಹೆಸರು ಬರೀಬೇಕಾ, ಬೇಡ್ವಾ? ಈಗ್ಲೇ ಹೇಳಿಬಿಡು."

ಬೊಮ್ಮ ತಿರುಗಿ ನೋಡಲಿಲ್ಲ. ಕಟ್ಟಿದ್ದ ಉಸಿರು ಬಿಟ್ಟ.

ಮುತ್ತಿಯ ಎಣಿಕೆ ಇಪ್ಪತ್ತಕ್ಕೇ ನಿಂತಿತ್ತು. "ಇಪ್ಪತ್ತೊಂದು," ಅಂದರು ಡಾಕ್ಟರು ಮೆಲ್ಲಗೆ.

ಬರಿಗಾಲಲ್ಲಿ ಅವನು ವರಾಂಡದ ಆ ತುದಿಗೆ ಹೋಗುತ್ತಲೇ ಇದ್ದ. ಒದ್ದೆ ನೆಲದ ಮೇಲೆ ಅವನ ಹಿಂದೆ ಒಂದು ಹೆಜ್ಜೆ, ಒಂದು ಗೆರೆ. ಒಂದು ಹೆಜ್ಜೆ, ಒಂದು ಗೆರೆ.