ಕಿವಿಯ ಹಿಂದಿನ ಬಿಲ್ಲೆ

ದುಡಿಯುವ ಎಲ್ಲರಂತೆ ಸಾವಂತ್ರಿಯ ಕಿವಿಯ ಹಿಂದೆಯೂ ಬಿಲ್ಲೆಯಿತ್ತು. ಒಮ್ಮೆ ಯೋಚಿಸಿ ಆಡಿದ ಮಾತನ್ನು ಅದು ನೆನಪಿನಿಂದ ಎತ್ತಿ ಸಿದ್ಧವಾಗಿಟ್ಟುಕೊಂಡು, ಮುಂದಿನ ಸಲ ತಲೆಗೆ ಕೆಲಸ ಕೊಡದೆ ಬಾಯಿಗೆ ತರುತ್ತಿತ್ತು. ಉಳಿದ ತ್ರಾಣವೆಲ್ಲ ಗಾರ್ಮೆಂಟ್ಸಿನ ಹೊಲಿಗೆಗೆ. ಎದುರಿನವರ ಮಾತು ಬದಲಾಗಿದೆಯೇ ಎಂದು ನೋಡುವ ಗುಂಡಿಯನ್ನು ಅವಳು ಮನೆಯಲ್ಲಿ ಆರಿಸಿಡುತ್ತಿದ್ದಳು. ಮನೆಯಲ್ಲಿ ಬದಲಾಗುವುದೇನಿದೆ?

ಬೆಳಿಗ್ಗೆ ಮಗಳು ದಾಕ್ಷಾಯಣಿ, "ಅವ್ವಾ, ನಾ ಸಾಲಿಗೆ ಹೋಗಂಗಿಲ್ಲ. ಅಂಜಿಕಿ ಆಗ್ತೈತಿ," ಎಂದಳು.

"ಶಾಣ್ಯಾ ಕೂಸು, ರೊಟ್ಟಿ ತಿಂದು ಹೋಗು."

"ಗ್ವಾಡಿಗೆ ಹೇಳಿದ್ರೂ ಇಷ್ಟ ಆಗ್ತಿತ್ತು ಬಿಡು!"

"ಶಾಣ್ಯಾ ಕೂಸು, ರೊಟ್ಟಿ ತಿಂದು ಹೋಗು."

"ಹೂಂ ಅವ್ವಾ, ತಿಂದು ಹೋಗ್ತೀನಿ," ಎಂದು ಹುಡುಗಿ ಸೋತು ಚೀಲ ಎತ್ತಿಕೊಂಡಳು.

ತನ್ನ ಬಾಯಿಂದ ಎರಡು ಸಲವೂ ಒಂದೇ ಮಾತು ಬಂದದ್ದು ಸಾವಂತ್ರಿಗೆ ಹೊಳೆದದ್ದು ಮಗಳು ಹೋದ ಮೇಲೆ. ಅಂದಿನ ಕೆಲಸ ಬಿಟ್ಟು ನೇರ ಬಿಲ್ಲೆಯ ಅಂಗಡಿಗೆ ಹೋದಳು.

"ಎಲ್ಲಾ ಅಳಿಸಿದ್ರ ಒಂದೊಂದು ಮಾತಿಗೂ ಯೋಚನಿ ಮಾಡ್ಬೇಕಾಗ್ತೈತಿ ನೋಡಕ್ಕಾ. ಕೆಲಸದಾಗ ಇಟ್ಕೊಳ್ಳಂಗಿಲ್ಲ," ಎಂದ ಅಂಗಡಿಯವನು.

"ಅಳಿಸಪ್ಪಾ."

ಸಂಜೆ ಮಗಳನ್ನು ಎದುರಿಗೆ ಕೂರಿಸಿಕೊಂಡು, ಬೆವರುತ್ತ, ಒಂದೊಂದೇ ಪದ ಹುಡುಕಿ ಕೇಳಿದಳು: "ಯಾರ ಅಂಜಿಕಿ... ನನ್ನ ಕೂಸ..."

"ಹೂಂ ಅವ್ವಾ, ತಿಂದು ಹೋಗ್ತೀನಿ," ಎಂದಳು ದಾಕ್ಷಾಯಣಿ, ಪ್ರಶ್ನೆ ಮುಗಿಯುವ ಮೊದಲೇ.

ಮಗಳ ಕಿವಿಯ ಹಿಂದೆ, ಅಂದು ಶಾಲೆಯಲ್ಲಿ ಕೂರಿಸಿದ ಹೊಸ ಬಿಲ್ಲೆಯ ಸುತ್ತ ಅಂಟಿಸಿದ ಹತ್ತಿ ಇನ್ನೂ ಒದ್ದೆಯಾಗಿತ್ತು.