ಚಕ್ಕುಬಂದಿ

"ಈ ನಾಲ್ಕು ಖಾನೆ ಹಾಕಿ ಅಂತ ಯಾರು ಹೇಳಿದ್ದು?" ಸ್ಪೀಕರ್ ಫೋನಿನಲ್ಲಿ ಡೊರಥಿ ಕೇಳಿದಾಗ ಭೂಮಿಕಾಳ ಕೈ ಮೌಸಿನ ಮೇಲೇ ನಿಂತಿತು. ಡೊರಥಿ ಅಯೋವಾದ ಹಳ್ಳಿಗಾಡಿನ ಕೌಂಟಿಯೊಂದರ ಕೋರ್ಟ್‌ಹೌಸಿನಲ್ಲಿ ಜಮೀನಿನ ಪತ್ರ ನೋಂದಾಯಿಸುವಾಕೆ. ಸಾವಿರ ಮೈಲಿ ದೂರದ ಪಾರ್ಸಿಪನಿಯ ಆಫೀಸಿನಲ್ಲಿ ಕೂತು ಭೂಮಿಕಾ ಬರೆದ ಪ್ರೋಗ್ರಾಂ ಆಕೆಗೆ ಒಪ್ಪಿಗೆಯಾಗದಿದ್ದರೆ ಕಾಂಟ್ರ್ಯಾಕ್ಟ್ ಹೋಗುತ್ತದೆ, ಅದರ ಹಿಂದೆ ಭೂಮಿಕಾಳ ವೀಸಾ.

ಪರದೆಯ ಮೇಲೆ ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಖಾಲಿ ಖಾನೆಗಳು. "ಅಲ್ಲಿ ಹೊಲ ಎಲ್ಲಾ ಚೌಕ ಚೌಕ ಅದಾವ, ಬರೇ ನಂಬರ್ ಸಾಕಂತ ಹೇಳಿದ್ನೋ ಇಲ್ಲೋ?" ಮ್ಯಾನೇಜರ್ ಅಮರೇಶ್ವರ ಪಿಸುಗುಟ್ಟಿದರು. "ಚಕ್ಕುಬಂದಿ ಸರ್. ಕೈ ತಾನ ಹಾಕಿಬಿಟ್ಟೈತಿ," ಎಂದಳು. ಗದಗಿನಲ್ಲಿ ಅವಳ ಅಪ್ಪ ಜಮೀನಿನ ಪತ್ರ ಬರೆಯುವವರು. ನಾಲ್ಕು ದಿಕ್ಕಿನವರ ಹೆಸರಿಲ್ಲದೆ ಯಾವ ಹೊಲವನ್ನೂ ಬರೆದವರಲ್ಲ.

ಅದನ್ನೇ ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದಳು. ಡೊರಥಿ ನಕ್ಕಳು.

"ಇಲ್ಲಿ ಯಾರೂ ನಂಬರ್ ಹಿಡಿದು ಬರಲ್ಲ. ಪಕ್ಕದ ಹೊಲದವರ ಹೆಸರು ಹೇಳಿಯೇ ಕೇಳ್ತಾರೆ. ಮೂವತ್ತು ವರ್ಷದಿಂದ ಆ ಹೆಸರುಗಳನ್ನು ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೀತಿದ್ದೀನಿ. ಈ ಖಾನೆ ತೆಗೆದರೆ ನಾನು ಸಹಿ ಹಾಕಲ್ಲ. ಈಗ ಟೈಪ್ ಮಾಡು, ನನ್ನ ಹೊಲದಿಂದಲೇ ಶುರುವಾಗಲಿ. ಪೂರ್ವಕ್ಕೆ ನನ್ನ ಭಾವ. ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತು, ಆದರೂ ಹಾಕು."